ದೊರೆಯ ಪಾತ್ರದ ಅಂಜಲೈ

ನಮ್ಮ ಪಕ್ಷದ ಪೂರ್ತಿ ಹೆಸರು ದುಡಿಮೆಗಾರರ ಸಮಾಜವಾದಿ ಪಕ್ಷ. ಆ ಹೆಸರು ಹಿಡಿದು ಪೇಟೆಯಲ್ಲಿ ವಿಚಾರಿಸಿದರೆ ಯಾರೂ ದಾರಿ ತೋರಿಸುವುದಿಲ್ಲ. ಚಾಪೆ ಪಾರ್ಟಿ ಅನ್ನಿ, ಚಹಾ ಅಂಗಡಿಯ ಇಬ್ರಾಹಿಂ ಕೂಡ ನನ್ನ ಮೋಟಾರ್‌ಸೈಕಲ್ ರಿಪೇರಿ ಅಂಗಡಿಯ ಕಡೆ ಕೈ ಮಾಡುತ್ತಾನೆ. ದೊಡ್ಡ ಪಕ್ಷದವರು ತೋಟಗಳಿಗೆ ಬರುವಾಗ ಶಾಮಿಯಾನ, ಕುರ್ಚಿ, ಬಿರಿಯಾನಿ ಪೊಟ್ಟಣ ತರುತ್ತಾರೆ. ನಾವು ಚಾಪೆ ತರುತ್ತೇವೆ. ಇಡೀ ಮಲೇಷ್ಯಾದಲ್ಲಿ ನಮಗಿರುವ ಸದಸ್ಯರನ್ನು ನಾಲ್ಕು ಬಸ್ಸಿನಲ್ಲಿ ತುಂಬಿಸಬಹುದು, ಆಗಲೂ ಕಿಟಕಿ ಪಕ್ಕದ ಸೀಟು ಕೆಲವು ಖಾಲಿ ಉಳಿದಾವು. ಬಿರಿಯಾನಿ ಇಲ್ಲದ ಪಕ್ಷಕ್ಕೆ ಜನ ಯಾಕೆ ಬರುತ್ತಾರೆ ಎಂದು ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾಳೆ. ನಾನು ಅವಳಿಗೆ ಪಕ್ಷದ ಕರಪತ್ರ ಓದಿ ಹೇಳುವುದಿಲ್ಲ, ಅಂಜಲೈ ಅಕ್ಕನನ್ನು ನೋಡು ಅನ್ನುತ್ತೇನೆ.

ಅಂಜಲೈ ಅಕ್ಕ ಮಾಂಗಾತೋಟದವಳು. ಕಂಪನಿಯ ಕಾಗದದಲ್ಲಿ ಆ ತೋಟಕ್ಕೆ ಬೇರೆ ಹೆಸರಿತ್ತು, ನಮ್ಮ ಜನರ ಬಾಯಲ್ಲಿ ಮಾಂಗಾತೋಟ. ಅವಳ ಅಜ್ಜ ತಮಿಳುನಾಡಿನಿಂದ ಹಡಗು ಹತ್ತಿ ಬಂದು ಅಲ್ಲಿ ರಬ್ಬರ್ ಸಸಿ ನೆಟ್ಟವನು. ಅಪ್ಪ ಆ ಮರಗಳಿಂದ ಹಾಲು ಇಳಿಸಿದವನು. ಅವಳೂ ಹನ್ನೆರಡನೇ ವಯಸ್ಸಿಗೆ ಬಾಗಿದ ಕತ್ತಿ ಹಿಡಿದು ಮರ ಕೊರೆಯಲು ನಿಂತಳು. ಆಮೇಲೆ ಕಂಪನಿ ರಬ್ಬರ್ ಕಡಿದು ಎಣ್ಣೆತಾಳೆ ಹಾಕಿತು, ಅವಳು ಉದುರಿದ ತಾಳೆಹಣ್ಣು ಬಾಚುವ ಕೆಲಸಕ್ಕೆ ಸೇರಿದಳು. ಗಂಡ ಲಾರಿಯಿಂದ ಬಿದ್ದು ಬೇಗ ಹೋದ. ಒಬ್ಬಳೇ ಮಗಳನ್ನು ಮದುವೆ ಮಾಡಿ ಪಿನಾಂಗಿಗೆ ಕಳಿಸಿದಳು. ಓದು ಮೂರನೇ ಕ್ಲಾಸು. ಇವಿಷ್ಟೇ ಆಗಿದ್ದರೆ ಅವಳಂಥವರು ನಮ್ಮ ಪೇರಾಕ್ ತೋಟಗಳಲ್ಲಿ ಸಾವಿರ ಜನ ಇದ್ದಾರೆ.

ಅವಳಲ್ಲಿ ಒಂದು ವಿದ್ಯೆ ಹೆಚ್ಚಿಗೆ ಇತ್ತು. ಚಿಕ್ಕವಳಿದ್ದಾಗ ಎರಡು ವರ್ಷ ದೊರೆಯ ಬಂಗಲೆಯಲ್ಲಿ ನೆಲ ಒರೆಸಿದ್ದಳು. ತೋಟದ ಮ್ಯಾನೇಜರನನ್ನು ನಮ್ಮವರು ದೊರೆ ಎಂದೇ ಕರೆಯುವುದು, ಅವನು ಬಿಳಿಯನಾಗಲಿ ಕರಿಯನಾಗಲಿ. ಆ ದೊರೆ ಹೇಗೆ ಕೆಮ್ಮುತ್ತಿದ್ದ, ಬೆತ್ತವನ್ನು ಬೂಟಿಗೆ ಹೇಗೆ ತಟ್ಟುತ್ತಿದ್ದ, ಯಾರಾದರೂ ಎದುರು ಬಂದರೆ ಅವರ ತಲೆಯ ಮೇಲಿನ ಗಾಳಿಯನ್ನು ನೋಡಿಕೊಂಡು ಹೇಗೆ ಮಾತಾಡುತ್ತಿದ್ದ, ಎಲ್ಲವನ್ನೂ ಮೈಗೆ ಇಳಿಸಿಕೊಂಡಿದ್ದಳು. ಮದುವೆ ಮನೆಯಲ್ಲಿ ತರಕಾರಿ ಹೆಚ್ಚುವಾಗ ದೊರೆಯ ಹಾಗೆ ಬೈದು ಹೆಂಗಸರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ಈ ವಿದ್ಯೆ ಪಕ್ಷದ ಕೆಲಸಕ್ಕೆ ಬಂದೀತೆಂದು ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಆ ವರ್ಷ ಕಂಪನಿ ಮಾಂಗಾತೋಟವನ್ನು ಮನೆ ಕಟ್ಟಿ ಮಾರುವವರಿಗೆ ಕೊಡಲು ತೀರ್ಮಾನಿಸಿತು. ಮೂವತ್ತೆಂಟು ಕುಟುಂಬಗಳು ಮೂರು ತಲೆಮಾರಿನಿಂದ ಸಾಲುಮನೆಗಳಲ್ಲಿದ್ದವು. ಮನೆ ಕಂಪನಿಯದು, ಕೆಲಸ ಹೋದರೆ ಮನೆಯೂ ಹೋಯಿತು. ಎರಡು ಸಾವಿರ ಬಂಗಲೆ ಏಳುವ ಜಾಗದಲ್ಲಿ ಆ ಜಾಗವನ್ನು ಕಾಡಿನಿಂದ ಬಿಡಿಸಿದವರಿಗೆ ಒಂದು ಮೂಲೆಯೂ ಇರಲಿಲ್ಲ. ಕೈಗೆ ಒಂದಿಷ್ಟು ವೆಳ್ಳಿ, ಅಂದರೆ ಇಲ್ಲಿಯ ರಿಂಗಿಟ್ ದುಡ್ಡು, ಕೊಟ್ಟು ನಡೀರಿ ಅನ್ನುವ ಲೆಕ್ಕ. ಸುತ್ತಲಿನ ಐದಾರು ತೋಟಗಳಲ್ಲಿ ಹಾಗೆಯೇ ಆಗಿತ್ತು. ಜನ ಸಹಿ ಹಾಕಿ ಹೋಗಿ ಪಟ್ಟಣದ ಹೊರಗೆ ತಗಡಿನ ಕೆಳಗೆ ಸೇರಿಕೊಂಡಿದ್ದರು. ನಾವು ಚಾಪೆ ಕಂಕುಳಲ್ಲಿಟ್ಟುಕೊಂಡು ಮಾಂಗಾತೋಟಕ್ಕೆ ಹೋದದ್ದು ಆಗ.

ನಾವು ಅಂದರೆ ನಾನು ಮತ್ತು ಊಯಿ ಟೀಚರ್. ಊಯಿ ಟೀಚರ್ ಚೀನೀ ಹೆಂಗಸು, ಇಪೋದಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಕಾಲೇಜಿನ ದಿನಗಳಲ್ಲೇ ಬೇರೆ ಐದಾರು ಜನರ ಜೊತೆ ತೋಟದ ಮಕ್ಕಳಿಗೆ ಸಂಜೆ ಪಾಠ ಹೇಳಲು ಬರುತ್ತಿದ್ದರು. ಮಕ್ಕಳ ಪಾಠದಿಂದ ಅವರ ತಾಯಂದಿರ ಸಂಬಳದ ವಿಷಯಕ್ಕೆ ಬಂದರು, ಸಂಬಳದಿಂದ ಮನೆಯ ವಿಷಯಕ್ಕೆ. ಹಾಗೆ ಹುಟ್ಟಿದ್ದು ನಮ್ಮ ಪಕ್ಷ. ಅದನ್ನು ನೋಂದಾಯಿಸಲು ಅರ್ಜಿ ಹಾಕಿ ವರ್ಷಗಟ್ಟಲೆ ಕಾದೆವು. ಒಬ್ಬ ಅಧಿಕಾರಿ "ಆ ಸಮಾಜವಾದ ಅನ್ನೋದನ್ನ ತೆಗೆದುಬಿಡಿ, ನಾಳೆನೇ ಕೆಲಸ ಆಗುತ್ತೆ" ಅಂದಿದ್ದ. ಊಯಿ ಟೀಚರ್ ತಣ್ಣಗೆ, "ಅದು ತೆಗೆದ್ರೆ ಉಳಿಯೋದು ಚಾಪೆ ಮಾತ್ರ" ಅಂದು ಎದ್ದು ಬಂದರು.

ಅವರೇ ಮಾಡಿದ ಒಂದು ನಿಯಮ ನಮ್ಮಲ್ಲಿದೆ. ಕಂಪನಿಯವರಾಗಲಿ ಸರ್ಕಾರದವರಾಗಲಿ ಮಾತಿಗೆ ಕೂತಾಗ ಪಕ್ಷದವರು ತುಟಿ ಬಿಚ್ಚಕೂಡದು. ಮನೆ ಯಾರದೋ, ಮಾತೂ ಅವರದೇ. ನಾವು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರಬೇಕು. ನನ್ನಂಥ ಮುಂಗೋಪಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದು ಸಲ ಬೇರೆ ತೋಟದಲ್ಲಿ ಬಾಯಿ ತೆರೆದು, ಆರು ತಿಂಗಳು ಪಕ್ಷದ ಸಮಿತಿಯಿಂದ ಹೊರಗಿದ್ದವನು ನಾನು. ನಾನು ಮಾತಾಡಿದ್ದು ಸರಿಯಾಗಿಯೇ ಇತ್ತು, ಕಂಪನಿಯವನು ಬೆವರಿಯೂ ಇದ್ದ. ಟೀಚರ್ ಅಂದದ್ದು ಒಂದೇ ಮಾತು: "ನಾಳೆ ನೀನು ಇಲ್ಲದಾಗ ಅವರು ಏನು ಮಾಡ್ಬೇಕು, ಬಾಲಾ?"

ಜನರೇ ಮಾತಾಡಬೇಕು ಅನ್ನುವುದೇನೋ ಸರಿ, ಆದರೆ ಮೂರು ತಲೆಮಾರು ದೊರೆಯ ಮುಂದೆ ಕೈಕಟ್ಟಿ ನಿಂತವರ ಬಾಯಿಂದ ಮಾತು ಹೊರಡಬೇಕಲ್ಲ. ಅದಕ್ಕೆ ನಾವು ತಾಲೀಮು ಮಾಡಿಸುತ್ತಿದ್ದೆವು. ಪಕ್ಷದ ಒಬ್ಬ ದೊರೆಯಾಗಿ ಸ್ಟೂಲಿನ ಮೇಲೆ ಕೂರುವುದು, ಜನ ಚಾಪೆಯ ಮೇಲೆ ಕೂತು ಅವನಿಗೆ ಉತ್ತರ ಕೊಡುವುದು. ಮೊದಲ ಭಾನುವಾರ ನಾನೇ ದೊರೆಯಾದೆ. ಹತ್ತು ನಿಮಿಷ ಕೂಗಾಡಿದೆ. ಜನ ಮರ್ಯಾದೆಯಿಂದ ನೋಡುತ್ತಾ ಕೂತಿದ್ದರು.

ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. "ಏನ್ ತಮ್ಮಾ, ದೊರೆ ಅಂದ್ರೆ ಹಿಂಗಾ? ನಿನ್ನ ನೋಡಿದ್ರೆ ಬೈಕಿಗೆ ಪಂಕ್ಚರ್ ಹಾಕ್ದಂಗಿದೆ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. "ನಿಮಗೆ ಗೊತ್ತಿದ್ರೆ ನೀವೇ ಬಂದು ಕೂತ್ಕೊಳ್ಳಿ ಅಕ್ಕ," ಅಂದೆ.

ಅಂಜಲೈ ಅಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯಿಂದ ಒಂದು ಕೋಲು ಕಿತ್ತುಕೊಂಡು ಬಂದು ಸ್ಟೂಲಿನ ಮೇಲೆ ಕಾಲಿನ ಮೇಲೆ ಕಾಲು ಹಾಕಿದಳು. ಒಂದು ಸಲ ಕೆಮ್ಮಿದಳು ಅಷ್ಟೆ. ನಗು ನಿಂತಿತು.

"ಏಯ್, ಯಾರೋ ಅದು ಹಿಂದೆ ಕೂತಿರೋದು? ಎದ್ದು ನಿಂತ್ಕೋ."

ಪಚ್ಚೆಯಪ್ಪನ್ ತಾತ ಎದ್ದು ನಿಂತ. ಎಪ್ಪತ್ತೈದು ದಾಟಿದ ಮುದುಕ, ತಲೆಯ ವಸ್ತ್ರ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಆಮೇಲೆ ಸುತ್ತ ನೋಡಿ ತಬ್ಬಿಬ್ಬಾದ.

"ಯಾಕೆ ತಾತ ಎದ್ದಿ? ನಾನು ಅಂಜಲೈ ಕಣೋ," ಅಂದಳು.

"ಕಾಲು ತಾನಾಗೇ ಎದ್ದುಬಿಡ್ತಮ್ಮ. ನಾನೇನ್ ಮಾಡ್ಲಿ."

ಅವತ್ತಿನಿಂದ ಅವಳೇ ದೊರೆ. ಪ್ರತಿ ಭಾನುವಾರ ಮಧ್ಯಾಹ್ನ, ಮಾರಿಯಮ್ಮನ ಗುಡಿಯ ಪಕ್ಕದ ಜಗಲಿಯ ಮೇಲೆ ತಾಲೀಮು. ಅವಳು ಒಬ್ಬೊಬ್ಬರನ್ನೂ ಅವರವರ ನೋವಿನ ಜಾಗ ನೋಡಿಯೇ ಚುಚ್ಚುತ್ತಿದ್ದಳು. ಕುಡಿಯುವವನಿಗೆ ಕುಡಿತ ಎತ್ತಿ ಆಡುವಳು. ಮಗ ಜೈಲಿಗೆ ಹೋದ ತಾಯಿಗೆ "ಕಳ್ಳನ್ನ ಹೆತ್ತೋಳಿಗೆ ಮನೆ ಬೇರೆ ಬೇಕಾ" ಅನ್ನುವಳು. ಆ ತಾಯಿ ಅತ್ತುಕೊಂಡು ಮನೆಗೆ ಹೋದಳು, ಎರಡು ವಾರ ಅಂಜಲೈ ಅಕ್ಕನ ಜೊತೆ ಮಾತು ಬಿಟ್ಟಳು. ಇದು ಅತಿಯಾಯಿತು ಎಂದು ನಾನೇ ಹೇಳಿದೆ.

"ನಿಜವಾದ ದೊರೆ ಅನ್ನಲ್ವಾ ಇದನ್ನ?" ಅಂದಳು. "ಅವನ ಬಾಯಿಂದ ಮೊದಲ್ನೇ ಸಲ ಕೇಳೋದಕ್ಕಿಂತ ನನ್ನ ಬಾಯಿಂದ ಕೇಳ್ಲಿ. ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ನಾಳೆ ಕೀರೆ ಸೊಪ್ಪು ಕೊಟ್ಟು ಸರಿಮಾಡ್ಕೋತೀನಿ."

ಮೂರನೇ ವಾರ ಆ ತಾಯಿ ಬಂದಳು. ಅಂಜಲೈ ಅಕ್ಕನ ದೊರೆ ಮತ್ತದೇ ಮಾತು ಎತ್ತಿದ. ಅವಳು ಕೂತಲ್ಲಿಂದಲೇ, "ನನ್ ಮಗನ ಲೆಕ್ಕ ಕೋರ್ಟು ನೋಡ್ಕೊಂಡಿದೆ. ನಾವೀಗ ಮಾತಾಡೋದು ಮನೆ ವಿಷ್ಯ," ಅಂದಳು. ಜಗಲಿಯೇ ಬಿದ್ದುಹೋಗುವಂತೆ ಚಪ್ಪಾಳೆ. ಅಂಜಲೈ ಅಕ್ಕ ಕೋಲು ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು. ಆವತ್ತು ನನ್ನ ಕಣ್ಣಲ್ಲೂ ನೀರು ಬಂದದ್ದು ನಿಜ, ಬಚ್ಚಿಡುವುದು ಯಾಕೆ.

ನಾಲ್ಕು ತಿಂಗಳಲ್ಲಿ ಮೂವತ್ತೆಂಟು ಮನೆಯವರೂ ತಯಾರಾದರು. ಯಾರು ಎಷ್ಟು ಕೂಗಿದರೂ ಕೂತೇ ಇರುತ್ತಿದ್ದರು. ಏನೇ ಕೇಳಿದರೂ ಕಡೆಗೆ ಒಂದೇ ಮಾತಿಗೆ ಬರುತ್ತಿದ್ದರು: ಮನೆಗೆ ಮನೆ, ಇದೇ ತೋಟದ ಮೂಲೆಯಲ್ಲಿ. ಪಚ್ಚೆಯಪ್ಪನ್ ತಾತ ಮಾತ್ರ ಏಯ್ ಅಂದ ಕೂಡಲೇ ಏಳುವುದನ್ನು ಬಿಡಲಿಲ್ಲ. ಅವನನ್ನು ನಡುವೆ ಕೂರಿಸಿ ಎರಡೂ ಪಕ್ಕದವರು ಪಂಚೆ ಹಿಡಿದುಕೊಳ್ಳುವುದೆಂದು ತೀರ್ಮಾನವಾಯಿತು.

ಕಂಪನಿಯವರು ಬರುವ ದಿನ ಬಂತು. ದೀಪಾವಳಿಗೆ ಹತ್ತು ದಿನ ಇತ್ತು. ಜಗಲಿಯ ಮೇಲೆ ಚಾಪೆ ಹಾಸಿ, ದೊರೆಗೆಂದು ಶಾಲೆಯಿಂದ ಕೈ ಇರುವ ಕುರ್ಚಿ ತಂದು ಇಟ್ಟಿದ್ದೆವು. ನಾನೂ ಟೀಚರೂ ಗೋಡೆಗೆ ಒರಗಿದೆವು. ಜನರ ಮುಖದಲ್ಲಿ ಭಯವೇ ಇರಲಿಲ್ಲ. ಬರಲಿ ಬೇಗ ಅನ್ನುವ ಹಾಗೆ ಕುತ್ತಿಗೆ ಉದ್ದ ಮಾಡಿ ರಸ್ತೆ ನೋಡುತ್ತಿದ್ದರು.

ಸಣ್ಣ ಕಾರೊಂದು ಬಂದು ನಿಂತಿತು. ಇಳಿದವನು ಮೂವತ್ತರ ಆಸುಪಾಸಿನ ನಮ್ಮವನೇ. ಹಣೆಯಲ್ಲಿ ವಿಭೂತಿ. ಗುಡಿಯ ಮುಂದೆ ಚಪ್ಪಲಿ ಬಿಟ್ಟು ಅಮ್ಮನಿಗೆ ಕೈ ಮುಗಿದ. ಜಗಲಿ ಹತ್ತಿ, ಕುರ್ಚಿ ನೋಡಿ, "ಅಯ್ಯೋ, ದೊಡ್ಡೋರು ಕೆಳಗೆ ಕೂತಿರುವಾಗ ನನಗೆ ಕುರ್ಚಿ ಯಾಕೆ?" ಎಂದು ಚಾಪೆಯ ಮೇಲೆ ಜನರ ನಡುವೆ ಕೂತ. ಪೆಟ್ಟಿಗೆಯಿಂದ ಜಿಲೇಬಿ ತೆಗೆದು ತಾತನ ಕೈಗೇ ಮೊದಲು ಕೊಟ್ಟ.

"ನನ್ನ ಹೆಸ್ರು ಕದಿರವನ್. ನಾನೂ ತೋಟದಲ್ಲೇ ಹುಟ್ಟಿದವ್ನು. ನಮ್ಮಮ್ಮನೂ ನಿಮ್ಮ ಹಾಗೇ ಮರ ಕೊರೆದು ನನ್ನ ಓದಿಸಿದ್ಲು. ನನ್ನ ಕಂಪನಿಯವನು ಅಂದ್ಕೋಬೇಡಿ, ಮಗ ಅಂದ್ಕೊಳ್ಳಿ."

ನಾಲ್ಕು ತಿಂಗಳು ನಾವು ತಾಲೀಮು ಮಾಡಿದ್ದು ಬೈಗುಳಕ್ಕೆ. ಪ್ರೀತಿಗೆ ಯಾರೂ ತಾಲೀಮು ಮಾಡಿರಲಿಲ್ಲ. ತೋಟದ ಜನಕ್ಕೆ ಬೈದರೆ ತಡೆದುಕೊಳ್ಳುವುದು ಗೊತ್ತು. ಮೇಲಿನವನೊಬ್ಬ ಕೆಳಗೆ ಕೂತು ಅಮ್ಮಾ ಅಂದರೆ, ಅವನ ಮುಖ ನೋಡಿಕೊಂಡು ಇಲ್ಲ ಅನ್ನುವುದು ಅವರಿಗೆ ಹೆತ್ತ ಮಗನ ಕೈಯಿಂದ ತಟ್ಟೆ ಕಸಿದುಕೊಂಡ ಹಾಗೆ. ಈ ತಪ್ಪು ನಮ್ಮದೇ. ದೊರೆ ಅಂದ ಕೂಡಲೇ ನಾವೆಲ್ಲರೂ ಐವತ್ತು ವರ್ಷ ಹಿಂದಿನ ಬೆತ್ತದ ದೊರೆಯನ್ನೇ ನೆನೆದಿದ್ದೆವು. ಕಂಪನಿ ಆ ದೊರೆಯನ್ನು ಯಾವತ್ತೋ ಬಿಟ್ಟು ಮುಂದೆ ಬಂದಿತ್ತು.

ಕದಿರವನ್ ಮೆಲ್ಲಗೆ ಹೇಳುತ್ತಾ ಹೋದ. ಕಂಪನಿಗೆ ನಿಮ್ಮ ಮೇಲೆ ಬಹಳ ಗೌರವ. ಇಷ್ಟು ವರ್ಷದ ದುಡಿಮೆ ಮರೆಯುವ ಹಾಗಿಲ್ಲ. ಅದಕ್ಕೆ ಒಂದು ಗೌರವಧನ. ಯಾರೂ ಅವಸರ ಮಾಡುವುದು ಬೇಡ, ಹಬ್ಬ ನೆಮ್ಮದಿಯಾಗಿ ಮಾಡಿ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಕಾಯುತ್ತೇವೆ. ಆಮೇಲೆ ನಿಮ್ಮ ಅನುಕೂಲ ನೋಡಿಕೊಂಡು ಹೊರಟರಾಯಿತು. ಸಾಮಾನು ಸಾಗಿಸಲು ಲಾರಿ ಕೂಡ ಕೊಡುತ್ತೇವೆ, ನೀವು ಕಷ್ಟ ಪಡಬಾರದು.

ಮಗ ಜೈಲಿಗೆ ಹೋದ ಆ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇಷ್ಟು ಮರ್ಯಾದೆಯಾಗಿ ಇಲ್ಲೀವರ್ಗೂ ಯಾರೂ ಮಾತಾಡ್ಸಿರ್ಲಿಲ್ಲಪ್ಪ," ಅಂದಳು. ಒಬ್ಬೊಬ್ಬರೇ ತಲೆ ಆಡಿಸತೊಡಗಿದರು. ಮನೆಗೆ ಮನೆ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲ. ಕದಿರವನ್ ಕಾಗದದ ಕಟ್ಟು ತೆಗೆದು, "ಹಿರಿಯರಿಂದ ಶುರು ಮಾಡೋಣ," ಎಂದು ತಾತನ ಬೆರಳುಗಳ ನಡುವೆ ತಾನೇ ಪೆನ್ನು ಸರಿಯಾಗಿ ಇಟ್ಟ.

ನಾನು ಅರ್ಧ ಎದ್ದಿದ್ದೆ. ಟೀಚರ್ ನನ್ನ ಅಂಗಿ ಹಿಡಿದು ಕೂರಿಸಿದರು. "ಬಿಡಿ ಟೀಚರ್, ಈಗ್ಲೂ ಸುಮ್ನಿದ್ರೆ ನಾವಿರೋದು ಯಾತಕ್ಕೆ?" ಅಂದೆ. ಅವರು ಅಂಗಿ ಬಿಡಲಿಲ್ಲ. ನಿಯಮ ಮಾಡಿದ ಆ ಹೆಂಗಸಿನ ಮೇಲೆ, ಈ ಪಕ್ಷದ ಮೇಲೆ, ಜಿಲೇಬಿ ತಿನ್ನುತ್ತಿದ್ದ ಆ ಜನರ ಮೇಲೆ ನನಗೆ ಬಂದ ಕೋಪ ಇವತ್ತು ನೆನೆದರೂ ಬಿಸಿ ಏರುತ್ತದೆ.

ಅಷ್ಟರಲ್ಲಿ ಕೆಮ್ಮು ಕೇಳಿಸಿತು.

ಖಾಲಿ ಕುರ್ಚಿಯ ಮೇಲೆ ಅಂಜಲೈ ಅಕ್ಕ ಕೂತಿದ್ದಳು. ಕಾಲ ಮೇಲೆ ಕಾಲು. ಯಾವಾಗ ಎದ್ದಳೋ ನಾನು ನೋಡಿರಲಿಲ್ಲ. ಕೋಲು ಇರಲಿಲ್ಲ, ಕದಿರವನ್ ಪಕ್ಕಕ್ಕಿಟ್ಟಿದ್ದ ಕೊಡೆಯನ್ನೇ ಎತ್ತಿಕೊಂಡು ಕುರ್ಚಿಯ ಕಾಲಿಗೆ ತಟ್ಟಿದಳು.

"ಏಯ್, ಕೇಳಿ ಎಲ್ರೂ. ಹಬ್ಬ ಮಾಡ್ಕೊಂಡು ತೊಲಗಿ. ಮಕ್ಳ ಪರೀಕ್ಷೆ ಮುಗಿದ ದಿನ ಒಬ್ರೂ ಇಲ್ಲಿ ಇರಕೂಡ್ದು. ಎಲ್ಲಿಗೆ ಅಂತ ನನ್ನ ಕೇಳ್ಬೇಡಿ. ಲಾರಿ ಕೊಡ್ತೀನಿ, ಅದ್ರಲ್ಲಿ ಪಾತ್ರೆ ಪಗಡೆ ಹೇರ್ಕೊಂಡು ಹೋಗಿ. ನಿಮ್ಮಜ್ಜ ನೆಟ್ಟಿದ್ದಕ್ಕೆ, ನಿಮ್ಮಪ್ಪ ಕೊರೆದಿದ್ದಕ್ಕೆ, ನೀನು ಬಾಚಿದ್ದಕ್ಕೆ, ತಗೋ ಈ ಚಿಲ್ಲರೆ. ಹೂಂ, ಹಾಕು ಸಹಿ."

ಕದಿರವನ್‌ನ ಮುಖ ಕೆಂಪಾಯಿತು. "ಅಕ್ಕ, ನಾನು ಹಾಗೆ ಹೇಳಲೇ ಇಲ್ಲ," ಅಂದ.

"ನಾನೀಗ ಅಕ್ಕ ಅಲ್ಲ, ದೊರೆ. ನೀನು ಹೇಳಿದ್ರಲ್ಲಿ ಇಲ್ಲದ್ದು ನಾನೇನು ಹೇಳ್ದೆ? ಒಂದು ಮಾತು ತೋರ್ಸು, ಇಳಿದುಬಿಡ್ತೀನಿ."

ಅವನು ಕಾಗದದ ಕಟ್ಟು ತಿರುವಿದ. ಒಂದೂ ಸಿಗಲಿಲ್ಲ. ಅವಳು ದನಿ ಇನ್ನೂ ಏರಿಸಿ, ಪಚ್ಚೆಯಪ್ಪನ್ ತಾತನ ಕಡೆ ಕೊಡೆ ಚಾಚಿದಳು.

"ಏಯ್ ಮುದುಕಾ, ಪೆನ್ನು ಹಿಡ್ಕೊಂಡು ಏನ್ ಯೋಚ್ನೆ ಮಾಡ್ತಿದ್ದಿ? ಎದ್ದು ನಿಂತ್ಕೋ."

ತಾತನ ಪಂಚೆ ಹಿಡಿಯಬೇಕಾದವರು ಮರೆತೇ ಬಿಟ್ಟಿದ್ದರು. ತಾತ ಅವಳನ್ನು ನೋಡಿದ, ಪೆನ್ನು ನೋಡಿದ. ಬಾಯಲ್ಲಿದ್ದ ಜಿಲೇಬಿಯನ್ನು ನಿಧಾನವಾಗಿ ನುಂಗಿದ. ಏಳಲಿಲ್ಲ.

"ನಾನು ಏಳಲ್ಲ ದೊರೆ," ಅಂದ. "ಮನೆಗೆ ಮನೆ ಕೊಡಿ, ಆಮೇಲೆ ಏಳ್ತೀನಿ."

ಅಲ್ಲಿಂದ ಮುಂದೆ ನಮಗೆ ಚಿಂತೆಯೇ ಇರಲಿಲ್ಲ. ಕಣ್ಣೀರು ಒರೆಸಿಕೊಂಡಿದ್ದ ಆ ತಾಯಿ ಯಾವ ಮೂಲೆ, ಎಷ್ಟು ಕೋಣೆ, ಯಾವ ತಿಂಗಳು ಎಂದು ಸಾಲಾಗಿ ಕೇಳಿದಳು. ಕದಿರವನ್‌ಗೆ ಬೈಯಲಿಲ್ಲ ಯಾರೂ. ಮಗನೇ ಅಂದರು, ಅಪ್ಪಾ ಅಂದರು, ಇನ್ನೊಂದು ಜಿಲೇಬಿ ತಿನ್ನು ಅಂದರು, ಸಹಿ ಮಾತ್ರ ಹಾಕಲಿಲ್ಲ. ಅವನು ಸಹಿಯಿಲ್ಲದ ಕಾಗದ ಕಟ್ಟಿಕೊಂಡು ಎದ್ದ. ಅಂಜಲೈ ಅಕ್ಕ ಕುರ್ಚಿಯಿಂದ ಇಳಿದು, ಕೊಡೆಯ ಧೂಳು ಸೆರಗಿನಲ್ಲಿ ಒರೆಸಿ ಅವನ ಕೈಗೆ ಕೊಟ್ಟಳು.

"ಬೇಜಾರು ಮಾಡ್ಕೋಬೇಡಪ್ಪ," ಅಂದಳು. "ನೀನು ಒಳ್ಳೇ ಹುಡ್ಗನೇ. ಅದಕ್ಕೇ ನಿನ್ನ ಕಳ್ಸಿದ್ದಾರೆ."

ಅವನು ಕಾರಿನಲ್ಲಿ ಕೂತು ಬಹಳ ಹೊತ್ತು ಸ್ಟಾರ್ಟ್ ಮಾಡದೆ ಸಾಲುಮನೆಗಳನ್ನು ನೋಡುತ್ತಿದ್ದ.

ಆಮೇಲೆ ಮೂರು ವರ್ಷ ಎಳೆದಾಡಿತು. ನೀರು ಕಡಿದರು, ಕರೆಂಟು ಕಡಿದರು, ನಾವು ಕೋರ್ಟಿನ ಮೆಟ್ಟಿಲು ಹತ್ತಿಳಿದೆವು. ಬುಲ್ಡೋಜರ್ ಬಂದ ದಿನ ಹೆಂಗಸರು ಅದರ ಮುಂದೆ ಚಾಪೆ ಹಾಸಿ ಕೂತು ತಾಳೆಗರಿ ಸೀಳಿ ಪೊರಕೆ ಕಟ್ಟಿದರು. ಚಾಲಕ ಮಲಾಯ್ ಹುಡುಗ, ಅವನೂ ದಿನಗೂಲಿಯವನೇ. ಇವರು ಕೊಟ್ಟ ಚಹಾ ಕುಡಿದು ಎಂಜಿನ್ ಆರಿಸಿದ.

ಆ ನಡುವೆ ಚುನಾವಣೆ ಬಂತು. ಪಕ್ಷ ಅಂಜಲೈ ಅಕ್ಕನನ್ನು ನಿಲ್ಲಿಸಿತು. ನಿಲ್ಲುವವರು ಮೊದಲು ಜನರ ಮುಂದೆ ತಮ್ಮ ಆಸ್ತಿ ಓದಿ ಹೇಳಬೇಕು, ಇದೂ ನಮ್ಮಲ್ಲಿ ನಿಯಮ. ಪೇಟೆಯ ಮಾರುಕಟ್ಟೆ ಎದುರು ನಿಂತು ಓದಿದಳು: ಒಂದು ಜೊತೆ ಓಲೆ, ಒಂದು ಸೈಕಲ್ಲು, ಕೊರೆಯುವ ಕತ್ತಿ ಎರಡು, ಕೋಳಿ ಹನ್ನೊಂದು. "ಹದಿಮೂರು ಅಕ್ಕ, ಎರಡು ಮುಚ್ಚಿಟ್ಟಿದ್ದೀಯ," ಎಂದು ಮಾಂಗಾತೋಟದವನೊಬ್ಬ ಕೂಗಿದ. "ಆ ಎರಡನ್ನ ನಿನ್ನ ನಾಯಿ ತಿಂದಿದ್ದು ಮರ್ತ್ಯಾ?" ಎಂದು ಅಲ್ಲೇ ತೀರಿಸಿದಳು. ಮಾರುಕಟ್ಟೆಯೆಲ್ಲ ನಕ್ಕಿತು, ಓಟು ಮಾತ್ರ ಬೀಳಲಿಲ್ಲ. ಠೇವಣಿ ಹೋಯಿತು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ನಮ್ಮ ಠೇವಣಿ ಪ್ರತಿ ಸಲ ಹೋಗುತ್ತದೆ. ಮಾಂಗಾತೋಟದ ಮತಗಟ್ಟೆಯಲ್ಲೇ ಅರ್ಧಕ್ಕರ್ಧ ಜನ ದೊಡ್ಡ ಪಕ್ಷಕ್ಕೆ ಹಾಕಿದ್ದರು. ಅದು ನನಗೆ ನಾಟಿತು. ಅವಳ ಮನೆಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಕೃತಘ್ನರು, ಬಿರಿಯಾನಿಗೆ ಬಿದ್ದವರು ಅಂದೆ.

ಅವಳು ಮರಗೆಣಸು ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. "ನಾವು ಮಾಡಿದ್ದಕ್ಕೆ ಓಟು ಕೊಡ್ಬೇಕು ಅಂದ್ರೆ ಅವ್ರ ಬಿರಿಯಾನಿಗೂ ನಮ್ಮ ಚಾಪೆಗೂ ಏನ್ ವ್ಯತ್ಯಾಸ ತಮ್ಮಾ? ನಾಳೆ ಬಂಗಲೆ ಕಟ್ಟೋರಿಗೆ ಹೋಗೋ ನೀರಿನ ಟ್ಯಾಂಕರ್ ತಡೀಬೇಕು. ಆಗ ಎಲ್ರೂ ಬರ್ತಾರೆ, ನೋಡ್ತಿರು."

ಬಂದರು. ಮೂವತ್ತೆಂಟು ಮನೆಯಿಂದಲೂ ಬಂದರು.

ಮೂರನೇ ವರ್ಷದ ಕೊನೆಗೆ ಕಂಪನಿ ದಣಿಯಿತು. ತೋಟದ ದಕ್ಷಿಣ ಮೂಲೆಯಲ್ಲಿ ಮೂವತ್ತೆಂಟು ಮನೆ ಕಟ್ಟಿಕೊಟ್ಟಿತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನುಗ್ಗೆ ಗಿಡಕ್ಕಾಗುವಷ್ಟು ಜಾಗ. ಬೀಗದ ಕೈ ಕೊಡುವ ದಿನ ದೊಡ್ಡ ಪಕ್ಷದವರು ಶಾಮಿಯಾನ ಹಾಕಿ ಹಾರ ಹಾಕಿಸಿಕೊಂಡರು. ಭಾಷಣದಲ್ಲಿ ನಮ್ಮ ಹೆಸರೇ ಇಲ್ಲ. ನಾನು ಹಲ್ಲು ಕಚ್ಚಿಕೊಂಡು ಅವರ ಬಿರಿಯಾನಿ ತಿಂದೆ, ಚೆನ್ನಾಗಿಯೇ ಇತ್ತು.

ಮನೆ ಹೊಕ್ಕ ಎರಡನೇ ವಾರ ಅಂಜಲೈ ಅಕ್ಕನ ಬಾಗಿಲಿಗೆ ಒಂದು ಕಾರು ಬಂತು. ನಾನು ಅವಳ ಫ್ಯಾನು ಸಿಕ್ಕಿಸುತ್ತಾ ಅಲ್ಲೇ ಇದ್ದೆ. ಇಳಿದವನು ಕದಿರವನ್. ಕಂಪನಿ ಬಿಟ್ಟು ಬ್ಯಾಂಕಿನಲ್ಲಿದ್ದೇನೆ ಅಂದ. ಜೊತೆಗೆ ಒಬ್ಬ ಮುದುಕಿಯನ್ನು ಕೈ ಹಿಡಿದು ಇಳಿಸಿದ. ಅವನ ತಾಯಿ, ಪೂವಾಯಿ.

"ಅಮ್ಮನಿಗೆ ನಿಮ್ಮ ಮನೆ ತೋರ್ಸೋಣ ಅಂತ ಕರ್ಕೊಂಡ್ಬಂದೆ ಅಕ್ಕ," ಅಂದ. ಅವರಿದ್ದ ತೋಟ ಇಪ್ಪತ್ತು ವರ್ಷದ ಹಿಂದೆಯೇ ಹೋಗಿತ್ತು. ಈಗ ಐದನೇ ಮಹಡಿಯ ಬಾಡಿಗೆ ಕೋಣೆ. ಮಂಡಿ ನೋವಿನಿಂದ ಪೂವಾಯಿ ಇಳಿಯುವುದೇ ಅಪರೂಪ.

ಅವಳು ಮನೆಯೆಲ್ಲ ತಿರುಗಿದಳು. ನಲ್ಲಿ ತಿರುಗಿಸಿ ನೀರು ನೋಡಿದಳು. ಕಿಟಕಿಯ ಸರಳು ಹಿಡಿದು ಹೊರಗಿನ ಮಣ್ಣು ನೋಡಿದಳು. ಆಮೇಲೆ ಮೇಜಿನ ಹತ್ತಿರ ಕೂತು ಚಹಾ ಕುಡಿಯುತ್ತಾ, "ತೋಟ ಬಿಡ್ಸೋಕೆ ನಮಗೂ ಒಳ್ಳೆ ಸಾಹೇಬ್ರೇ ಬಂದಿದ್ರಮ್ಮ," ಅಂದಳು. "ಅಂಥ ಒಳ್ಳೇ ಮನುಷ್ಯನ್ನ ನಾನು ಮತ್ತೆ ನೋಡ್ಲಿಲ್ಲ."

"ಇಪ್ಪತ್ತು ವರ್ಷದಿಂದ ಇದೇ ಮಾತು," ಎಂದು ಕದಿರವನ್ ನೆಲ ನೋಡಿದ.

ಅಂಜಲೈ ಅಕ್ಕ ಅವಳ ಎದುರಿಗೆ ಕೂತಳು. "ಏನಂದ್ರು ಆ ಸಾಹೇಬ್ರು? ಒಂದೊಂದು ಮಾತೂ ಹೇಳಿ ನೋಡೋಣ."

ಪೂವಾಯಿಯ ಮುಖ ಅರಳಿತು. ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. "ಬಾಮ್ಮಾ ಕೂತ್ಕೋ ಅಂದ್ರು. ಸ್ವಂತ ಕೈಯಾರೆ ಕುರ್ಚಿ ಎಳೆದು ಕೊಟ್ರು. ಊಟ ಆಯ್ತಾ ಅಂದ್ರು. ಮಗ ಏನ್ ಓದ್ತಾನೆ ಅಂದ್ರು, ಚೆನ್ನಾಗಿ ಓದ್ಸು ಅಂದ್ರು. ನಿಮ್ಮ ಬೆವರು ಕಂಪನಿ ಮರೆಯಲ್ಲ ಅಂದ್ರು. ಮಳೆಗಾಲ ಕಳೀಲಿ, ಆಮೇಲೆ ಹೋದ್ರಾಯ್ತು ಅಂದ್ರು. ಆಮೇಲೆ ಜೇಬಿಂದ ತಮ್ಮ ಸ್ವಂತ ಪೆನ್ನು ತೆಗ್ದು..."

ಅಲ್ಲಿ ತಡೆದಳು. ಚಹಾದ ಲೋಟ ಕೆಳಗಿಟ್ಟಳು. ಮತ್ತೊಂದು ಸಲ ಮೊದಲಿನಿಂದ ಮನಸ್ಸಿನಲ್ಲೇ ಎಣಿಸಿಕೊಳ್ಳುವವಳ ಹಾಗೆ ತುಟಿ ಆಡಿಸಿದಳು.

"ಎಲ್ಲಿಗೆ ಹೋಗ್ತೀಯಮ್ಮ ಅಂತ ಅವ್ರು ಕೇಳ್ಲೇ ಇಲ್ಲ ಅಲ್ವಾ," ಅಂದಳು.

ಕದಿರವನ್ ಎದ್ದು ಬಾಗಿಲ ಹತ್ತಿರ ಹೋಗಿ ಹೊರಗೆ ಮುಖ ಮಾಡಿ ನಿಂತ. ಅಂಜಲೈ ಅಕ್ಕ ನನ್ನ ಜೇಬಿಗೆ ಕೈ ಹಾಕಿ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. ಬೆನ್ನು ನೆಟ್ಟಗೆ ಮಾಡಿ, ನಾನು ಅವಳ ಬಾಯಲ್ಲಿ ಹಿಂದೆ ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ, "ಬಾಮ್ಮಾ ಪೂವಾಯಿ, ಊಟ ಆಯ್ತಾ? ನಿಮ್ಮ ಬೆವರು ಕಂಪನಿ ಮರೆಯಲ್ಲಮ್ಮ. ಇಲ್ಲೊಂದು ಸಹಿ ಹಾಕಿಬಿಡಿ," ಅಂದಳು.

ಆ ದನಿಗೆ ನಾನೇ ಸಹಿ ಹಾಕಿಬಿಡುತ್ತಿದ್ದೆ. ಪೂವಾಯಿ ಪೆನ್ನನ್ನು ನೋಡಿದಳು. ಆಮೇಲೆ ಬೆರಳ ತುದಿಯಿಂದ ಅದನ್ನು ಮೇಜಿನ ಆಚೆ ಬದಿಗೆ ತಳ್ಳಿದಳು.

"ಊಟ ಆಯ್ತು ಸಾಹೇಬ್ರೇ," ಅಂದಳು. "ಮೊದ್ಲು ಮನೆ ತೋರ್ಸಿ."